ಬೈಬಲ್ ಓದುತ್ತಿದ್ದವರೇ ಗುಲಾಮಗಿರಿಯನ್ನು ಏಕೆ ಬಿಡಲೊಲ್ಲದೆ ಹೋದರು?

ಪ್ರಶ್ನೆ

ನಮ್ಮ ಸಭೆಯ ಯುವಜನರ ಬೈಬಲ್ ಅಧ್ಯಯನದಲ್ಲಿ ಕಳೆದ ಭಾನುವಾರ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯವನ್ನು ಓದುತ್ತಿದ್ದೆವು. ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು ಎಂಬ ಮಾತು ಬಂದಾಗ, ಪಿಯುಸಿ ಓದುವ ಹುಡುಗಿಯೊಬ್ಬಳು, ಹಾಗಾದರೆ ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳ ಮಾಲೀಕರು ಭಾನುವಾರ ಆರಾಧನೆಗೆ ಹೋಗಿ ಸೋಮವಾರ ಗುಲಾಮರನ್ನು ಚಾಟಿಯಿಂದ ಹೊಡೆಸಿದ್ದು ಹೇಗೆ ಎಂದು ಕೇಳಿದಳು. ಅವರು ನಿಜವಾದ ವಿಶ್ವಾಸಿಗಳಲ್ಲ ಎಂದು ಹೇಳಿ ನಾನು ಪಾಠ ಮುಂದುವರಿಸಿದೆ. ಆ ಉತ್ತರ ನನಗೇ ಸಮಾಧಾನ ಕೊಟ್ಟಿಲ್ಲ. ಗುಲಾಮಗಿರಿಯ ವಿರುದ್ಧ ಹೋರಾಡಿದವರಲ್ಲಿಯೂ ಕ್ರೈಸ್ತರೇ ಮುಂದಿದ್ದರು. ಒಂದೇ ಗ್ರಂಥವನ್ನು ಓದಿದವರು ಎರಡು ಕಡೆ ನಿಂತದ್ದನ್ನು ಆ ಹುಡುಗಿಗೆ ಹೇಗೆ ತಿಳಿಸಲಿ?

ಉತ್ತರ 1

ಅವರು ನಿಜವಾದ ವಿಶ್ವಾಸಿಗಳಲ್ಲ ಎಂಬ ಉತ್ತರ ಇಲ್ಲಿ ನಿಲ್ಲುವುದಿಲ್ಲ. 1710ರಲ್ಲಿ ತೀರಿಕೊಂಡ ಕ್ರಿಸ್ಟಫರ್ ಕಾಡ್ರಿಂಗ್ಟನ್ ಎಂಬಾತ ಬಾರ್ಬಡೋಸ್‌ನ ತನ್ನ ಎರಡು ತೋಟಗಳನ್ನು, ಅಲ್ಲಿದ್ದ ಗುಲಾಮರ ಸಮೇತ, ಇಂಗ್ಲೆಂಡ್ ಸಭೆಯ (ಆಂಗ್ಲಿಕನ್ ಚರ್ಚಿನ) ಸುವಾರ್ತಾ ಪ್ರಸಾರ ಸಂಸ್ಥೆಗೆ ಉಯಿಲು ಬರೆದಿಟ್ಟನು. ಸುವಾರ್ತೆ ಸಾರಲು ಹುಟ್ಟಿದ ಆ ಸಂಸ್ಥೆ ಮುಂದೆ ನೂರಕ್ಕೂ ಹೆಚ್ಚು ವರ್ಷ ಗುಲಾಮರ ಒಡೆಯನಾಗಿ ಉಳಿಯಿತು. ಮೊದಲ ವರ್ಷಗಳಲ್ಲಿ ಆ ಗುಲಾಮರ ಎದೆಯ ಮೇಲೆ 'ಸೊಸೈಟಿ' (ಸಂಸ್ಥೆ) ಎಂಬ ಪದವನ್ನು ಕಾಯಿಸಿದ ಕಬ್ಬಿಣದಿಂದ ಬರೆಹಾಕಲಾಗುತ್ತಿತ್ತು. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಅಧಿಕಾರದಲ್ಲಿದ್ದವರಿಗೆ ಬೈಬಲ್ ಏನು ಹೇಳುತ್ತದೆಂದು ಚೆನ್ನಾಗಿಯೇ ಗೊತ್ತಿತ್ತು ಎಂಬುದಕ್ಕೆ, ವೆಸ್ಟ್ ಇಂಡೀಸ್‌ನ ಗುಲಾಮರಿಗಾಗಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆಯ್ದ ಬೈಬಲ್ಲೇ ಸಾಕ್ಷಿ. ಅದರಲ್ಲಿ ಹಳೆಯ ಒಡಂಬಡಿಕೆಯ ಸುಮಾರು ಹತ್ತರಲ್ಲಿ ಒಂಬತ್ತು ಭಾಗ, ಹೊಸ ಒಡಂಬಡಿಕೆಯ ಸುಮಾರು ಅರ್ಧ ಭಾಗ ಇರಲಿಲ್ಲ. ಇಸ್ರಾಯೇಲರು ಐಗುಪ್ತದ ದಾಸತ್ವದಿಂದ ಬಿಡುಗಡೆ ಹೊಂದಿದ ವಿಮೋಚನಕಾಂಡದ ಕಥೆಯನ್ನೂ, ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಎಂಬ ಗಲಾತ್ಯದವರಿಗೆ ಬರೆದ ವಚನವನ್ನೂ ತೆಗೆದುಹಾಕಿ, ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಎಫೆಸದವರಿಗೆ ಬರೆದ ಮಾತನ್ನು ಉಳಿಸಿಕೊಂಡರು. ಹೆದರಿಕೆಯಿಲ್ಲದಿದ್ದರೆ ಕತ್ತರಿ ಹಾಕುವ ಅಗತ್ಯವೇ ಬರುತ್ತಿರಲಿಲ್ಲ.

ಆ ಹೆದರಿಕೆಗೆ ಕಾರಣವೂ ಇತ್ತು. ಜಮೈಕಾದ ಮಾಂಟಿಗೊ ಬೇ ಪಟ್ಟಣದಲ್ಲಿ ಸ್ವತಃ ಗುಲಾಮನಾಗಿದ್ದ, ಓದು ಬಲ್ಲ ಬ್ಯಾಪ್ಟಿಸ್ಟ್ ಡೀಕನ್ (ಸಭಾಸೇವಕ) ಸ್ಯಾಮ್ಯುಯೆಲ್ ಶಾರ್ಪ್, ಯಾರೂ ಇಬ್ಬರು ಯಜಮಾನರಿಗೆ ಸೇವೆ ಮಾಡಲಾರರು ಎಂಬ ವಚನವನ್ನೇ ಹಿಡಿದು ತನ್ನವರನ್ನು ಒಗ್ಗೂಡಿಸಿದನು. ನೀವು ಅಂದು ಓದಿದ ಅಧ್ಯಾಯದ ವಚನವೇ ಅದು. 1831ರ ಕ್ರಿಸ್ಮಸ್ ರಜೆ ಮುಗಿದ ಮೇಲೆ ಕೂಲಿ ಕೊಡದೆ ಕಬ್ಬು ಕಡಿಯುವುದಿಲ್ಲ ಎಂಬುದು ಅವನ ಯೋಜನೆಯಾಗಿತ್ತು. ಆದರೆ ಡಿಸೆಂಬರ್ 27ರ ರಾತ್ರಿ ತೋಟಗಳಿಗೆ ಬೆಂಕಿ ಬಿದ್ದು ಅದು ದಂಗೆಯಾಯಿತು. ಸತ್ತ ಬಿಳಿಯರು 14 ಮಂದಿ. ಅದಕ್ಕೆ ಪ್ರತಿಯಾಗಿ 300ಕ್ಕೂ ಹೆಚ್ಚು ಗುಲಾಮರಿಗೆ ಮರಣದಂಡನೆಯಾಯಿತು. 1832ರ ಮೇ 23ರಂದು ಶಾರ್ಪ್‌ನನ್ನು ಗಲ್ಲಿಗೇರಿಸಿದರು. ಆ ವರ್ಷವೇ ತೋಟದ ಮಾಲೀಕರು, ಜಾರ್ಜ್ ಬ್ರಿಜಸ್ ಎಂಬ ಆಂಗ್ಲಿಕನ್ ಪಾದ್ರಿಯನ್ನು ಮುಂದಿಟ್ಟುಕೊಂಡು 'ಕಲೋನಿಯಲ್ ಚರ್ಚ್ ಯೂನಿಯನ್' ಎಂಬ ಸಂಘ ಕಟ್ಟಿ, ದಂಗೆಗೆ ಮಿಷನರಿಗಳ ಬೋಧನೆಯೇ ಕಾರಣವೆಂದು ದೂರಿ, ಬ್ಯಾಪ್ಟಿಸ್ಟ್ ಮತ್ತು ಮೆಥಡಿಸ್ಟ್ ಪ್ರಾರ್ಥನಾಲಯಗಳನ್ನು ಕೆಡವಿದರು. ಹಾಗೆ ಚರ್ಚಿನ ರಕ್ಷಣೆಯ ಹೆಸರಿನಲ್ಲಿಯೇ ಪ್ರಾರ್ಥನಾಲಯಗಳು ನೆಲಸಮವಾದವು.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ವಚನಗಳ ಜೊತೆಗೆ ಲೆಕ್ಕವನ್ನೂ ನೋಡಬೇಕು. ಗುಲಾಮಗಿರಿಯನ್ನು ರದ್ದುಪಡಿಸಿದ 1833ರ ಕಾಯ್ದೆಯಲ್ಲಿ ಬ್ರಿಟಿಷ್ ಸಂಸತ್ತು 2 ಕೋಟಿ ಪೌಂಡ್ ಪರಿಹಾರ ಮಂಜೂರು ಮಾಡಿತು. ಅದು ಸರ್ಕಾರದ ಒಂದು ವರ್ಷದ ಖರ್ಚಿನ ಸುಮಾರು ಶೇ. 40ರಷ್ಟು ಹಣ. ಪರಿಹಾರ ಸಿಕ್ಕಿದ್ದು ಒಡೆಯರಿಗೆ. ಬಿಡುಗಡೆಯಾದವರಿಗೆ ಒಂದು ಕಾಸೂ ಇಲ್ಲ. ಮೇಲೆ ಹೇಳಿದ ಸುವಾರ್ತಾ ಸಂಸ್ಥೆಯೂ ತನ್ನ 411 ಗುಲಾಮರ ಲೆಕ್ಕದಲ್ಲಿ 8,800 ಪೌಂಡಿಗೂ ಹೆಚ್ಚು ಪಡೆಯಿತು. ಅಷ್ಟೂ ಸಾಲದೆ, 1834ರಲ್ಲಿ ಕಾಯ್ದೆ ಜಾರಿಯಾದ ಮೇಲೂ 'ಶಿಷ್ಯವೃತ್ತಿ' (ಅಪ್ರೆಂಟಿಸ್‌ಶಿಪ್, ಕೆಲಸ ಕಲಿಯುವವರ ಕರಾರು) ಎಂಬ ಹೆಸರಿನಲ್ಲಿ ಅದೇ ಜನರನ್ನು ಅದೇ ತೋಟಗಳಲ್ಲಿ 1838ರವರೆಗೆ ದುಡಿಸಿಕೊಳ್ಳಲಾಯಿತು. ಅದೇ 1838ರಲ್ಲಿ, 2,500ಕ್ಕೂ ಹೆಚ್ಚು ಗುಲಾಮರ ಲೆಕ್ಕದಲ್ಲಿ ಒಂದು ಲಕ್ಷ ಪೌಂಡಿಗೂ ಮಿಕ್ಕಿ ಪರಿಹಾರ ಪಡೆದಿದ್ದ ತೋಟದ ಮಾಲೀಕ ಜಾನ್ ಗ್ಲ್ಯಾಡ್‌ಸ್ಟನ್‌ನ ಏರ್ಪಾಡಿನಂತೆ, ಕಲ್ಕತ್ತೆಯಿಂದ ಹೊರಟ ಎರಡು ಹಡಗುಗಳಲ್ಲಿ ಡೆಮೆರಾರಾಕ್ಕೆ (ಇಂದಿನ ಗಯಾನಾದ ಭಾಗ) ಹೋದ ನಮ್ಮ ದೇಶದ ಮೊದಲ ಕರಾರು ಕೂಲಿಗಳು ಅಲ್ಲಿಗೆ ತಲುಪಿದರು. ಆದ್ದರಿಂದ ಇದನ್ನು ಬಿಳಿಯರ ಮತ್ತು ಆಫ್ರಿಕನ್ನರ ಹಳೆಯ ಕಥೆ ಎಂದು ಯುವಜನರಿಗೆ ಹೇಳಬೇಡಿ. ಅದೇ ಲಾಭದ ಲೆಕ್ಕ ನಮ್ಮವರನ್ನೂ ಅದೇ ಕಬ್ಬಿನ ಗದ್ದೆಗೆ ಕರೆದೊಯ್ದಿತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿದಿದೆ. ಮನಸ್ಸು ತಿರುಗಿದರೆ ನಡತೆಯೂ ತಿರುಗುತ್ತದೆ ಎಂದು ನಾವು ಬೋಧಿಸುತ್ತೇವೆ. ಇಲ್ಲಿ ಹಾಗಾಗಲೇ ಇಲ್ಲವೇ?

ಉತ್ತರ 3

ಆಗಿದೆ, ಆದರೆ ಬಹಳ ತಡವಾಗಿ. ಮುಂದೆ ಪಾದ್ರಿಯಾದ ಇಂಗ್ಲಿಷ್ ನಾವಿಕ ಜಾನ್ ನ್ಯೂಟನ್ 1748ರಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ದೇವರಿಗೆ ಮೊರೆಯಿಟ್ಟನು. ತನ್ನ ಮನಪರಿವರ್ತನೆ ಶುರುವಾದದ್ದು ಅಂದೇ ಎಂದು ಅವನೇ ಹೇಳಿಕೊಂಡಿದ್ದಾನೆ. ಆದರೂ ಅದಾದ ಮೇಲೆ ಗುಲಾಮರ ಹಡಗುಗಳ ಕ್ಯಾಪ್ಟನ್ ಆಗಿ 1754ರವರೆಗೆ ಸಮುದ್ರದ ಮೇಲೆ ಇದ್ದನು. ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ, ಅಂದರೆ 40 ವರ್ಷಗಳ ನಂತರ. ಆ ನಡುವಿನ ವರ್ಷಗಳಲ್ಲಿ ಅವನ ಪ್ರಾರ್ಥನೆ ಸುಳ್ಳಾಗಿತ್ತೆಂದು ನಾನು ಹೇಳಲಾರೆ. ಅವನು ಬದುಕಿದ್ದ ಸಮಾಜದಲ್ಲಿ ಆ ಸಂಪಾದನೆ ಪಾಪವೆಂದು ಹೇಳುವವರು ಬಹಳ ಕಡಿಮೆ ಇದ್ದರು. ಕ್ವೇಕರರು ಎಂಬ ಕ್ರೈಸ್ತ ಪಂಗಡದವರು ಬೇರೆ ದಾರಿ ಹಿಡಿದರು. ಫಿಲಡೆಲ್ಫಿಯಾದ ಅವರ ವಾರ್ಷಿಕ ಸಭೆ 1776ರಲ್ಲಿ, ಗುಲಾಮರನ್ನು ಇಟ್ಟುಕೊಂಡವನು ಸಭೆಯ ಸದಸ್ಯನಾಗಿರುವಂತಿಲ್ಲ ಎಂದು ನಿಯಮ ಮಾಡಿತು. ಒಬ್ಬೊಬ್ಬರ ಮನಸ್ಸು ಕರಗುವ ತನಕ ಅವರು ಕಾಯಲಿಲ್ಲ.

ಪ್ರಶ್ನೆ ಕೇಳಿದವರು

ಬರುವ ಭಾನುವಾರ ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆಯನ್ನು ಓದುತ್ತೇವೆ. ಫಿಲೆಮೋನನ ದಾಸನಾಗಿದ್ದ ಒನೇಸಿಮನನ್ನು ಇನ್ನು ಮುಂದೆ ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೊ ಎಂಬ ಮಾತು ಅಲ್ಲಿದೆ. ಅದನ್ನು ಓದುವ ಮೊದಲು, ನನ್ನ ಹಿಂದಿನ ಉತ್ತರ ತಪ್ಪಾಗಿತ್ತೆಂದು ಆ ಹುಡುಗಿಗೆ ಎಲ್ಲರ ಮುಂದೆಯೇ ಹೇಳುತ್ತೇನೆ.