ಅಪ್‌ಡೇಟ್: ಪ್ಯಾಸಿವ್ ವಾಯ್ಸ್‌ನಲ್ಲಿ ‘ಬೀಯಿಂಗ್’ ಯಾಕೆ ಬರುತ್ತದೆ?

ಇಂಗ್ಲಿಷ್‌ನ ‘ಶಿ ಈಸ್ ರೈಟಿಂಗ್ ಎ ಲೆಟರ್’ ಅನ್ನೋದನ್ನ ಪ್ಯಾಸಿವ್ (ಕರ್ಮಣಿ ಪ್ರಯೋಗ) ಮಾಡುವಾಗ ‘ಬೀಯಿಂಗ್’ ಯಾಕೆ ಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಚೆನ್ನಾಗಿ ಅರ್ಥವಾಯಿತು.

ಪ್ಯಾಸಿವ್‌ಗೆ ಬೇಕಾದದ್ದು ‘ಬಿ’ ಕ್ರಿಯಾಪದ (ಈಸ್, ವಾಸ್, ಬೀನ್ ಇವೆಲ್ಲ ಅದರ ರೂಪಗಳೇ), ಜೊತೆಗೆ ಮುಖ್ಯ ಕ್ರಿಯಾಪದದ ಮೂರನೇ ರೂಪ (ರೈಟ್, ರೋಟ್, ರಿಟನ್‌ನಲ್ಲಿ ‘ರಿಟನ್’). ಕಾಲ ಯಾವುದೇ ಇರಲಿ, ‘ರಿಟನ್’ ಹಾಗೇ ಉಳಿಯುತ್ತದೆ. ‘ರೈಟಿಂಗ್’ನಲ್ಲಿದ್ದ ‘ಇಂಗ್’ ಹೋಗಿ ‘ಬಿ’ಗೆ ಅಂಟಿಕೊಳ್ಳುತ್ತದೆ: ‘ಎ ಲೆಟರ್ ಈಸ್ ಬೀಯಿಂಗ್ ರಿಟನ್’. ಅದೇ ‘ಹ್ಯಾಸ್ ರಿಟನ್’ ಇದ್ದರೆ ‘ಹ್ಯಾಸ್ ಬೀನ್ ರಿಟನ್’. ಇಷ್ಟು ಗೊತ್ತಾದರೆ ಉದ್ದದ ಟೇಬಲ್ ಬಾಯಿಪಾಠ ಮಾಡೋದೇ ಬೇಡ, ಅಲ್ವಾ?

ಕೊನೆಯಲ್ಲಿ ‘ಬೈ ಹರ್’ (ಅವಳಿಂದ) ಅಂತ ಸೇರಿಸಲೇಬೇಕಾ ಅಂತಲೂ ಕೇಳಿದ್ದೆ. ಬೇಕಿಲ್ಲ. ‘ಮೈ ಬೈಕ್ ವಾಸ್ ಸ್ಟೋಲನ್’ ಅಂದಮೇಲೆ ‘ಬೈ ಸಮ್‌ಒನ್’ ಅನ್ನೋದು ಸುಮ್ನೆ ಜಾಸ್ತಿ. ಇನ್ನು ‘ಅರೈವ್’, ‘ಹ್ಯಾಪನ್’ ತರದವಕ್ಕೆ ಕರ್ಮಪದವೇ ಇಲ್ಲ, ಹಾಗಾಗಿ ಪ್ಯಾಸಿವ್ ಕೂಡ ಇಲ್ಲ.