ಉದ್ಯಮಬಾಗದ ಫೌಂಡ್ರಿಗೆ ಡ್ಯಾಶ್‌ಬೋರ್ಡ್ ಬೇಕೇ, ಸಂಜೆಯ ಎಕ್ಸೆಲ್ ಹಾಳೆಯೇ ಸಾಕೇ?

ಉದ್ಯಮಬಾಗ_ಎರಕ:
ಬೆಳಗಾವಿಯ ಉದ್ಯಮಬಾಗದ ಒಂದು ಮಧ್ಯಮ ಗಾತ್ರದ ಫೌಂಡ್ರಿಯಲ್ಲಿ ನಾನು ವ್ಯವಸ್ಥಾಪಕ. ಪಂಪು, ವಾಲ್ವು, ಟ್ರ್ಯಾಕ್ಟರ್ ಬಿಡಿಭಾಗಗಳ ಎರಕ ನಮ್ಮ ಕೆಲಸ. ಲೆಕ್ಕಪತ್ರ ಟ್ಯಾಲಿಯಲ್ಲಿದೆ, ಉತ್ಪಾದನೆ ಎಕ್ಸೆಲ್‌ನಲ್ಲಿದೆ, ಕುಲುಮೆಯ ವಿವರ ಪಾಳಿಯ ಪುಸ್ತಕದಲ್ಲಿದೆ. ಸಂಜೆ ಒಬ್ಬ ಹುಡುಗ ಮೂರನ್ನೂ ಕೂಡಿಸಿ ಒಂದು ಹಾಳೆ ತಯಾರಿಸಿ ಮಾಲೀಕರ ವಾಟ್ಸಾಪ್‌ಗೆ ಕಳುಹಿಸುತ್ತಾನೆ. ಅವನು ರಜೆ ಹಾಕಿದ ದಿನ ಕಂಪನಿಗೆ ಕಣ್ಣೇ ಇಲ್ಲ.

ಮಾಲೀಕರ ಮಗ ಪವರ್ ಬಿಐ ತಂತ್ರಾಂಶದ ಡ್ಯಾಶ್‌ಬೋರ್ಡ್, ಅಂದರೆ ಸಂಖ್ಯೆಗಳನ್ನೆಲ್ಲ ತಾನಾಗಿ ಕೂಡಿಸಿ ತೋರಿಸುವ ಪರದೆ, ಹಾಕಿಸೋಣ ಎನ್ನುತ್ತಿದ್ದಾರೆ. ನಾನೂ ಅದರ ಪರ. ಯಾವ ಗ್ರಾಹಕರ ಮಾಲಿನಲ್ಲಿ ರಿಜೆಕ್ಷನ್ ಹೆಚ್ಚುತ್ತಿದೆ ಎಂದು ಸೋಮವಾರ ಕೇಳಿದರೆ ಗುರುವಾರ ಉತ್ತರ ಸಿಗುತ್ತದೆ. ಅಷ್ಟರಲ್ಲಿ ಅದೇ ದೋಷದ ಇನ್ನಷ್ಟು ಎರಕ ಹೊಯ್ದಿರುತ್ತೇವೆ. ಮಾಲೀಕರು ಮಾತ್ರ ಇನ್ನೂ ಒಪ್ಪಿಲ್ಲ. ಪರವಾಗಿ ಹೇಳುವವರು ಸಾಕಷ್ಟು ಜನ ಇದ್ದಾರೆ, ವಿರೋಧದ ಮಾತು ನನಗೆ ಹೆಚ್ಚು ಬೇಕಾಗಿದೆ.

ಲೆಕ್ಕದಮ್ಮ_ವಿಜಯಪುರ:
ಸರ್, ನಾನು ಲೆಕ್ಕಪರಿಶೋಧಕಿ. ಪರ, ವಿರೋಧ ಆಮೇಲೆ. ನಿಮ್ಮಲ್ಲಿ ರಿಜೆಕ್ಷನ್ ಶೇಕಡಾವಾರನ್ನು ಹೇಗೆ ಲೆಕ್ಕ ಹಾಕುತ್ತೀರಿ? ತೂಕದ ಮೇಲೋ, ನಗದ ಮೇಲೋ? ಗ್ರಾಹಕರು ಹಿಂದಿರುಗಿಸಿದ ಮಾಲನ್ನು ಯಾವ ತಿಂಗಳಿಗೆ ಹಾಕುತ್ತೀರಿ?

ಉದ್ಯಮಬಾಗ_ಎರಕ:
ಉತ್ಪಾದನಾ ವಿಭಾಗ ತೂಕ ಹಿಡಿಯುತ್ತದೆ, ಗುಣಮಟ್ಟದ ವಿಭಾಗ ನಗ ಎಣಿಸುತ್ತದೆ. ವಾಪಸ್ ಬಂದದ್ದನ್ನು ಅದು ಬಂದ ತಿಂಗಳಿಗೇ ಬರೆಯುತ್ತೇವೆ, ಟ್ಯಾಲಿಯಲ್ಲಿ ಕ್ರೆಡಿಟ್ ನೋಟ್ ಬೀಳುವುದು ಆಗಲೇ.

ಲೆಕ್ಕದಮ್ಮ_ವಿಜಯಪುರ:
ಹಾಗಿದ್ದರೆ ನಿಮಗೆ ಸದ್ಯಕ್ಕೆ ಡ್ಯಾಶ್‌ಬೋರ್ಡ್ ಬೇಡ. ಜುಲೈನಲ್ಲಿ 100 ಟನ್ ಎರಕ ಹೊಯ್ದಿರಿ ಎಂದಿಟ್ಟುಕೊಳ್ಳಿ. ಒಳಗಿನ ತಪಾಸಣೆಯಲ್ಲಿ 4 ಟನ್ ಬಿದ್ದುಹೋಯಿತು. ಅದೇ ಮಾಲಿನಲ್ಲಿ 3 ಟನ್ ಗ್ರಾಹಕರ ಯಂತ್ರದ ಮೇಲೆ ಗುಳ್ಳೆ ತೋರಿಸಿ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂತು. ಜುಲೈನ ನಿಜವಾದ ರಿಜೆಕ್ಷನ್ ಶೇ 7. ನಿಮ್ಮ ಪರದೆ ಜುಲೈಗೆ ಶೇ 4 ಎಂದು ಹಸಿರು ತೋರಿಸುತ್ತದೆ. ಸೆಪ್ಟೆಂಬರ್‌ನಲ್ಲಿ ಅಚ್ಚಿನ ಮರಳನ್ನು ಸರಿಪಡಿಸಿ ಒಳ್ಳೆಯ ಎರಕ ಹೊಯ್ದ ಪಾಳಿಯ ಮೇಲೆ ಆ 3 ಟನ್ ಬೀಳುತ್ತದೆ. ಸಂಜೆಯ ಹಾಳೆಯಲ್ಲೂ ಈ ತಪ್ಪು ಇದೆ, ಆದರೆ ಅದನ್ನು ತಯಾರಿಸುವ ಹುಡುಗನಿಗೆ ಅದು ಗೊತ್ತಿದೆ, ಕೇಳಿದರೆ ಹೇಳುತ್ತಾನೆ. ಪರದೆಗೆ ಬಂದ ಮೇಲೆ ಅದೇ ಸಂಖ್ಯೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಬಣ್ಣದ ಪಟ್ಟಿಗೆ ಇರುವ ಅಧಿಕಾರ ಪೆನ್ಸಿಲ್ ಅಂಕಿಗೆ ಇಲ್ಲ.

ಕಬ್ಬು_ಮತ್ತು_ಕೋಡ್:
ಅಕ್ಕಾವರೇ, ನಿಮ್ಮ ಉದಾಹರಣೆ ಸರಿ, ತೀರ್ಮಾನಕ್ಕೆ ನನ್ನ ವಿರೋಧವಿದೆ. ನಾನು ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯೊಂದರ ಐಟಿ ವಿಭಾಗದಲ್ಲಿದ್ದೇನೆ. ಎಲ್ಲ ವ್ಯಾಖ್ಯೆಗಳೂ ಸರಿಯಾಗಲಿ ಎಂದು ಕಾದರೆ ಹಂಗಾಮು ಮುಗಿದುಹೋಗುತ್ತದೆ. ಪರದೆಯ ಮೇಲೆ ಬಂದಾಗಲೇ ಇಬ್ಬರ ಸಂಖ್ಯೆ ಬೇರೆ ಎಂದು ಗೊತ್ತಾಗುವುದು. ಅಲ್ಲಿಯವರೆಗೆ ಒಬ್ಬೊಬ್ಬರದು ಒಂದೊಂದು ಕಪಾಟಿನಲ್ಲಿ ಸುಖವಾಗಿರುತ್ತದೆ.

ನಮ್ಮಲ್ಲಿ ಹೆಚ್ಚು ಫಲ ಕೊಟ್ಟದ್ದು ಕಬ್ಬಿನ ಅಂಗಳದ ಪರದೆ. ಕಡಿದ ಕಬ್ಬು ನಿಂತಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಗೇಟಿನ ಟೋಕನ್‌ನಿಂದ ತೂಕದ ಕಾಟಾದವರೆಗೆ ಪ್ರತಿ ಟ್ರ್ಯಾಕ್ಟರ್ ಎಷ್ಟು ಗಂಟೆ ನಿಂತಿದೆ ಎಂಬುದನ್ನು ಎಲ್ಲರಿಗೂ ಕಾಣುವಂತೆ ಹಾಕಿದೆವು. ರೈತರು ಬಂದು ಕೇಳಿದರೆ ಉತ್ತರ ಇದೆ, ಕಟಾವು ಗ್ಯಾಂಗಿಗೆ ಯಾವ ಊರಿನಲ್ಲಿ ಇಂದು ಕಡಿಯಬಾರದು ಎಂದು ಹೇಳಲು ಆಧಾರ ಇದೆ. ಇನ್ನೊಂದು, ಬಿಲ್ ಪಾವತಿಯದು. ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ. ಹತ್ತನೆಯ ದಿನಕ್ಕೆ ಎಷ್ಟು ಬಿಲ್ ಉಳಿದಿದೆ ಎಂಬುದು ಆಡಳಿತ ಮಂಡಳಿಯ ಮುಂದೆ ದಿನವೂ ಬರತೊಡಗಿದ ಮೇಲೆ ಸಭೆಯ ಮಾತೇ ಬದಲಾಯಿತು. ಎಕ್ಸೆಲ್ ಇದ್ದಾಗ ಈ ವಿವರ ತಿಂಗಳಿಗೊಮ್ಮೆ ಬರುತ್ತಿತ್ತು, ಬರುವ ಹೊತ್ತಿಗೆ ಗಡುವು ದಾಟಿರುತ್ತಿತ್ತು.

ಎಕ್ಸೆಲ್ ಸುರಕ್ಷಿತ ಎಂದೂ ಯಾರೂ ಭಾವಿಸಬೇಡಿ. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ವರದಿಯಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋಗಿದ್ದು ಬೆಳಕಿಗೆ ಬಂತು. ಹಳೆಯ ಎಕ್ಸೆಲ್ ಕಡತದಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ ಎಂಬುದೇ ಕಾರಣ.

ಲೆಕ್ಕದಮ್ಮ_ವಿಜಯಪುರ:
ಆ ಉದಾಹರಣೆ ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ಇಂಗ್ಲೆಂಡಿನಲ್ಲಿ ಆಗ ಡ್ಯಾಶ್‌ಬೋರ್ಡ್ ಇರಲಿಲ್ಲವೇ? ದಿನವೂ ಇಡೀ ದೇಶ ನೋಡುತ್ತಿದ್ದ ಕೋವಿಡ್ ಡ್ಯಾಶ್‌ಬೋರ್ಡ್ ಇತ್ತು. ಕೆಳಗೆ ಸಾಲುಗಳು ಬಿಟ್ಟುಹೋದವು, ಮೇಲೆ ಕಡಿಮೆ ಸಂಖ್ಯೆ ಅಷ್ಟೇ ಗಂಭೀರವಾಗಿ ನಿಂತಿತ್ತು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ತಡವಾಯಿತು. ಸಂಖ್ಯೆ ಹುಟ್ಟುವ ಜಾಗದಲ್ಲಿ ತಪ್ಪಿದರೆ ಪರದೆ ಅದನ್ನು ತಿದ್ದುವುದಿಲ್ಲ.

ಟಿಳಕವಾಡಿ_ಡೇಟಾ:
ಕಂಪನಿಗಳಿಗೆ ಇಂಥ ಪರದೆಗಳನ್ನು ಕಟ್ಟಿಕೊಡುವುದೇ ನನ್ನ ಹೊಟ್ಟೆಪಾಡು, ಆದರೂ ಈ ವಿಷಯದಲ್ಲಿ ಅಕ್ಕನವರ ಪಕ್ಷ. ಮಾರಾಟಕ್ಕೆ ಬಂದವರು ಬಿಟ್ಟುಬಿಡುವ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಪವರ್ ಬಿಐ ಪ್ರೊ ಪರವಾನಗಿಗೆ 2025ರ ಏಪ್ರಿಲ್‌ನಿಂದ ಒಬ್ಬರಿಗೆ ತಿಂಗಳಿಗೆ 14 ಡಾಲರ್, ಮೊದಲು 10 ಇತ್ತು. ತಯಾರಿಸುವವರಿಗಷ್ಟೇ ಅಲ್ಲ, ನೋಡುವವರಿಗೂ ಪರವಾನಗಿ ಬೇಕು. ದೊಡ್ಡ ಸರ್ವರ್ ಸಾಮರ್ಥ್ಯವನ್ನೇ ಪ್ರತ್ಯೇಕವಾಗಿ ಕೊಂಡವರಿಗೆ ಮಾತ್ರ ಬೇರೆ ಲೆಕ್ಕ. ಪ್ರೊದಲ್ಲಿ ನಿಗದಿತ ಹೊತ್ತಿಗೆ ದತ್ತಾಂಶ ತಾನಾಗಿ ಹೊಸದಾಗುವುದು ದಿನಕ್ಕೆ 8 ಸಲ. ನಿಮ್ಮ ಟ್ಯಾಲಿ ಕಚೇರಿಯ ಕಂಪ್ಯೂಟರಿನಲ್ಲಿದ್ದರೆ ನಡುವೆ ಗೇಟ್‌ವೇ ಎಂಬ ತಂತ್ರಾಂಶ ಇರಬೇಕು, ಆ ಹೊತ್ತಿಗೆ ಕಂಪ್ಯೂಟರ್ ಚಾಲೂ ಇರಬೇಕು. ಯಾರೋ ಸಂಜೆ ಸ್ವಿಚ್ ಆರಿಸಿ ಹೋದರೆ ಪರದೆ ನಿನ್ನೆಯ ಸಂಖ್ಯೆಯನ್ನು ಇಂದಿನದರಂತೆ ತೋರಿಸುತ್ತಾ ಕೂರುತ್ತದೆ. ಆದ್ದರಿಂದ ದತ್ತಾಂಶ ಕೊನೆಯ ಬಾರಿ ಯಾವಾಗ ಬಂತು ಎಂಬುದನ್ನು ಪರದೆಯ ತಲೆಯ ಮೇಲೆಯೇ ಬರೆಸಿ.

ವರ್ಷದ ವಿಷಯವನ್ನೂ ಮರೆಯಬೇಡಿ. ಪವರ್ ಬಿಐ ತಾನಾಗಿ ಹಿಡಿಯುವ ವರ್ಷ ಜನವರಿಯಿಂದ ಡಿಸೆಂಬರ್. ನಮ್ಮ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್, ಸಕ್ಕರೆಯವರದು ಅಕ್ಟೋಬರ್‌ನಿಂದ ಸೆಪ್ಟೆಂಬರ್. ದಿನಾಂಕಗಳ ಪ್ರತ್ಯೇಕ ಕೋಷ್ಟಕ ಮಾಡದೆ "ಈ ವರ್ಷ" ಎಂಬ ಗುಂಡಿ ಇಟ್ಟರೆ ಅದು ಸುಳ್ಳು ಹೇಳುತ್ತದೆ.

ಇನ್ನು, ವೆಬ್‌ನಲ್ಲಿ ಪ್ರಕಟಿಸುವ ಸೌಲಭ್ಯವನ್ನು ಮುಟ್ಟಲೇಬೇಡಿ. ಆ ಕೊಂಡಿ ಸಿಕ್ಕ ಯಾರಾದರೂ ಪಾಸ್‌ವರ್ಡ್ ಇಲ್ಲದೆ ತೆರೆಯಬಹುದು. ಗ್ರಾಹಕರಿಗೆ ಕೊಟ್ಟ ದರಗಳು ಪಕ್ಕದ ಫೌಂಡ್ರಿಯವರ ಕೈಗೆ ಹೋಗಲು ಅಷ್ಟು ಸಾಕು. ಪರವಾನಗಿಯ ಖರ್ಚು ಭಾರವಾದರೆ ಮೆಟಾಬೇಸ್, ಸೂಪರ್‌ಸೆಟ್ ಇವೆ. ಇವೆರಡೂ ಮುಕ್ತ ತಂತ್ರಾಂಶಗಳು, ಸ್ವಂತ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಆದರೆ ನೋಡಿಕೊಳ್ಳಲು ಒಬ್ಬ ಬಲ್ಲವರು ಬೇಕು, ಅವರ ಸಂಬಳವೂ ಖರ್ಚೇ.

ಕಬ್ಬು_ಮತ್ತು_ಕೋಡ್:
ವರ್ಷದ ಮಾತು ನೂರಕ್ಕೆ ನೂರು ಸತ್ಯ. ಅದರ ಜೊತೆಗೆ ನಮ್ಮ ಇಳುವರಿಯ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು) ಕತೆ ಸೇರಿಸುತ್ತೇನೆ, ಅಕ್ಕನವರಿಗೆ ಸಂತೋಷವಾಗಬಹುದು. ಬಿ-ಹೆವಿ ಕಾಕಂಬಿಯನ್ನು (ಇನ್ನೂ ಸಕ್ಕರೆ ತೆಗೆಯಬಹುದಾದ ಕಾಕಂಬಿ) ಎಥೆನಾಲ್‌ಗೆ ತಿರುಗಿಸಿದರೆ ಚೀಲಕ್ಕೆ ಬೀಳುವ ಸಕ್ಕರೆ ಕಡಿಮೆ. ಹಾಗಾಗಿ ಇಳುವರಿ ಇಳಿದಂತೆ ಕಾಣುತ್ತದೆ. ಎಥೆನಾಲ್‌ಗೆ ಹೋದ ಸಕ್ಕರೆಯನ್ನು ಕೂಡಿಸದೆ ಹೋದ ವರ್ಷದ ಗೆರೆಯ ಪಕ್ಕದಲ್ಲಿ ಈ ವರ್ಷದ ಗೆರೆ ಎಳೆದರೆ, ನೋಡಿದವರು ಕಬ್ಬನ್ನು ದೂರುತ್ತಾರೆ. ರೈತರಿಗೆ ಇದು ಸಣ್ಣ ವಿಷಯವಲ್ಲ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ (ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ಕಬ್ಬಿನ ದರ) ಶೇ 10.25ರ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಮೇಲಿನ ಪ್ರತಿ ಶೇ 0.1ಕ್ಕೆ 3.46 ರೂಪಾಯಿ ಹೆಚ್ಚು. ಇಳುವರಿಯ ಸಂಖ್ಯೆ ರೈತರ ಮನೆಯ ಹಣ. ಅದರ ಕೆಳಗೆ ಹೇಗೆ ಲೆಕ್ಕ ಹಾಕಿದ್ದು ಎಂದು ಒಂದು ಸಾಲು ಬರೆಯದ ಪರದೆಯನ್ನು ನಾನೂ ಒಪ್ಪುವುದಿಲ್ಲ. ಆದರೆ ಬರೆದು ಹಾಕಿ ಎನ್ನುತ್ತೇನೆ, ಬೇಡ ಎನ್ನುವುದಿಲ್ಲ.

ಪಾಳಿ_ಸೂಪರ್‌ವೈಸರ್:
ಇಷ್ಟು ಹೊತ್ತು ಓದಿದೆ. ಸಂಖ್ಯೆ ಬರೆಯುವವರ ಬಗ್ಗೆ ಒಬ್ಬರೂ ಮಾತನಾಡಲಿಲ್ಲ. ನಾನು ರಾತ್ರಿ ಪಾಳಿಯಲ್ಲಿ ಕುಲುಮೆಯ ಹತ್ತಿರ ಇರುವವನು. ಕರಗಿದ ಲೋಹ ಲ್ಯಾಡಲ್‌ಗೆ ಬಂದ ಮೇಲೆ ತಣ್ಣಗಾಗುವುದಕ್ಕೆ ಮೊದಲು ಹೊಯ್ಯಬೇಕು. ಆ ಹೊತ್ತಿನಲ್ಲಿ ಟ್ಯಾಬ್‌ನಲ್ಲಿ ಹನ್ನೆರಡು ಖಾನೆ ತುಂಬು ಎಂದರೆ, ಪಾಳಿ ಮುಗಿಯುವಾಗ ನೆನಪಿನಿಂದ ತುಂಬುತ್ತೇವೆ. ಆ ನೆನಪನ್ನು ನೀವು ದತ್ತಾಂಶ ಎನ್ನುತ್ತೀರಿ.

ಹಿಂದೆ ನಾನಿದ್ದ ಒಂದು ಕಾರ್ಖಾನೆಯಲ್ಲಿ ದೊಡ್ಡ ಟಿವಿ ತೂಗುಹಾಕಿ ಪಾಳಿವಾರು ರಿಜೆಕ್ಷನ್ ತೋರಿಸಿದರು. ಸೂಪರ್‌ವೈಸರ್ ಹೆಸರಿನ ಮುಂದೆ ಕೆಂಪು, ಹಸಿರು. ಕೆಂಪು ಬಂದವರನ್ನು ಬೆಳಗಿನ ಸಭೆಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತಿದ್ದರು. ಸ್ವಲ್ಪ ದಿನಕ್ಕೆ ಎಲ್ಲರೂ ಹಸಿರಾದರು. ಮಾಲು ಸುಧಾರಿಸಿರಲಿಲ್ಲ. ಕೆಟ್ಟ ಎರಕವನ್ನು "ಮರುಕೆಲಸ" ಎಂಬ ಖಾನೆಗೆ ಬರೆದು ಮೂಲೆಯಲ್ಲಿ ಪೇರಿಸುತ್ತಿದ್ದರು, ತಿಂಗಳ ಕೊನೆಯಲ್ಲಿ ಸದ್ದಿಲ್ಲದೆ ಕುಲುಮೆಗೆ ಹಾಕುತ್ತಿದ್ದರು. ಕರಗಿಸಿದ ವಿದ್ಯುತ್ ಎರಡು ಸಲ ಹೋಯಿತು. ಅದು ಯಾವ ಪರದೆಯಲ್ಲೂ ಬರಲಿಲ್ಲ. ಆ ಜನ ಕಳ್ಳರಲ್ಲ. ಸತ್ಯ ಬರೆದವರಿಗೆ ಶಿಕ್ಷೆ ಇದ್ದ ಕಡೆ ಬೇರೇನು ನಿರೀಕ್ಷಿಸುತ್ತೀರಿ?

ಲೆಕ್ಕದಮ್ಮ_ವಿಜಯಪುರ:
ಅಣ್ಣಾ, ಮಾಲೀಕರಿಗೆ ಓದಿ ಹೇಳಬೇಕಾದದ್ದು ನಿಮ್ಮ ಈ ಬರಹ. ಮೂಲೆಯ ರಾಶಿಯ ಕತೆ ನನಗೆ ದಾಸ್ತಾನು ಪರಿಶೀಲನೆಯಲ್ಲಿ ಸಿಗುತ್ತದೆ, ಆದರೆ ಅಷ್ಟರಲ್ಲಿ ವರ್ಷವೇ ಮುಗಿದಿರುತ್ತದೆ.

ಕಬ್ಬು_ಮತ್ತು_ಕೋಡ್:
ಶಿಕ್ಷೆ ಕೊಟ್ಟವರು ಆ ಸಭೆ ನಡೆಸಿದವರು, ಟಿವಿಯಲ್ಲ. ಪರದೆ ಇಲ್ಲದಿದ್ದರೂ ಅವರು ಬೈಯುತ್ತಿದ್ದರು.

ಪಾಳಿ_ಸೂಪರ್‌ವೈಸರ್:
ಬೈಯುತ್ತಿದ್ದರು, ನಿಜ. ಆದರೆ ಆಗ ನಮ್ಮ ಮಾತನ್ನೂ ಕೇಳುತ್ತಿದ್ದರು. ಮರಳಿನಲ್ಲಿ ತೇವ ಹೆಚ್ಚಿತ್ತು, ಕೋರ್ (ಎರಕದ ಟೊಳ್ಳು ಜಾಗಕ್ಕೆ ಇಡುವ ಮರಳಿನ ಅಚ್ಚು) ಸರಿಯಾಗಿ ಒಣಗಿರಲಿಲ್ಲ ಎಂದು ಹೇಳಲು ಅವಕಾಶ ಇತ್ತು. ಟಿವಿ ಬಂದ ಮೇಲೆ ಸಂಖ್ಯೆಯೇ ತೀರ್ಪು.

ಉದ್ಯಮಬಾಗ_ಎರಕ:
ನಮ್ಮ ಗುಣಮಟ್ಟದ ವಿಭಾಗದವರಿಗೆ ಇದನ್ನು ತೋರಿಸಿದೆ, ಅವರೂ ಮೌನವಾದರು. ಇನ್ನೊಂದು ಪ್ರಶ್ನೆ. ವಿದ್ಯುತ್ ನಮ್ಮ ದೊಡ್ಡ ಖರ್ಚು. ಹೆಸ್ಕಾಂ ಬಿಲ್‌ನಲ್ಲಿ ಕೆಲವು ತಿಂಗಳು ನಮ್ಮ ಬೇಡಿಕೆ, ಅಂದರೆ ಒಂದೇ ಹೊತ್ತಿಗೆ ಎಳೆಯುವ ವಿದ್ಯುತ್, ಒಪ್ಪಂದದ ಮಿತಿಯನ್ನು ದಾಟಿ ದಂಡ ಬೀಳುತ್ತದೆ. ಅದನ್ನೂ ಇದೇ ಪರದೆಗೆ ತರಬಹುದೇ?

ಟಿಳಕವಾಡಿ_ಡೇಟಾ:
ತರಬಹುದು, ತಂದು ಪ್ರಯೋಜನವಿಲ್ಲ ಸರ್. ಎರಡು ಕುಲುಮೆ ಒಟ್ಟಿಗೆ ಪೂರ್ಣ ಶಕ್ತಿಯಲ್ಲಿ ಓಡಿದ ಕೆಲವೇ ನಿಮಿಷಗಳಲ್ಲಿ ಬೇಡಿಕೆ ಮಿತಿ ದಾಟುತ್ತದೆ. ದಿನಕ್ಕೆ 8 ಸಲ ಹೊಸದಾಗುವ ಪರದೆ ಅದನ್ನು ಹೇಳುವ ಹೊತ್ತಿಗೆ ದಂಡ ದಾಖಲಾಗಿರುತ್ತದೆ. ಅದಕ್ಕೆ ಬೇಕಾಗಿರುವುದು ಮೀಟರ್‌ಗೆ ಜೋಡಿಸಿದ ಗಂಟೆ, ಮಿತಿಯ ಹತ್ತಿರ ಬಂದಾಗ ಕುಲುಮೆಯವರಿಗೆ ಕೇಳಿಸುವಂಥದ್ದು. ಟನ್ನಿಗೆ ಎಷ್ಟು ಯೂನಿಟ್ ಹೋಯಿತು ಎಂಬ ವಾರದ ಲೆಕ್ಕಕ್ಕೆ ಡ್ಯಾಶ್‌ಬೋರ್ಡ್ ಸರಿ. ಮರುಕರಗಿಸಿದ್ದನ್ನು ಪ್ರತ್ಯೇಕವಾಗಿ ಬರೆದರೆ ಮೂಲೆಯ ರಾಶಿಯೂ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಲೆಕ್ಕದಮ್ಮ_ವಿಜಯಪುರ:
ಟ್ಯಾಲಿಯ ಕಡೆಯಿಂದ ನನ್ನ ಎರಡು ಮಾತು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶದಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬ ದಾಖಲೆ ಕಡ್ಡಾಯ. ಹಿಂದಿನ ದಿನಾಂಕ ಹಾಕಿ ವೋಚರ್ ಸೇರಿಸುವುದು ನಿಂತಿಲ್ಲ, ದಾಖಲೆ ಉಳಿಯುತ್ತದೆ ಅಷ್ಟೇ. ಆದ್ದರಿಂದ ಹೋದ ತಿಂಗಳ ಮಾರಾಟ ಈ ತಿಂಗಳು ಬೇರೆ ತೋರಿಸಿದರೆ ಗಾಬರಿಯಾಗಬೇಡಿ. ತಿಂಗಳು ಮುಚ್ಚಿದ ದಿನದ ಸಂಖ್ಯೆಯನ್ನು ಬೇರೆಯಾಗಿ ಉಳಿಸಿ, ಎರಡನ್ನೂ ಪಕ್ಕಪಕ್ಕ ತೋರಿಸಿ.

ನಿಜವಾಗಿ ಡ್ಯಾಶ್‌ಬೋರ್ಡ್‌ನ ಅಗತ್ಯ ನನಗೆ ಕಾಣುವುದು ಕೊಡಬೇಕಾದ ಬಾಕಿಯಲ್ಲಿ. ನೋಂದಾಯಿತ ಕಿರು, ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. 2023-24ರಿಂದ, ಗಡುವು ಮೀರಿ ವರ್ಷಾಂತ್ಯಕ್ಕೆ ಉಳಿದ ಬಾಕಿಯನ್ನು ಆ ವರ್ಷದ ಖರ್ಚಾಗಿ ತೋರಿಸಲು ಆದಾಯ ತೆರಿಗೆಯಲ್ಲಿ ಅವಕಾಶವಿಲ್ಲ. ಉದ್ಯಮಬಾಗದಲ್ಲಿ ಪ್ಯಾಟರ್ನ್ (ಅಚ್ಚಿನ ಮಾದರಿ) ಮಾಡುವವರು, ಯಂತ್ರಗೆಲಸದವರು ಬಹಳಷ್ಟು ಮಂದಿ ಇಂಥ ಸಣ್ಣವರೇ. ಬಿಲ್ ದಿನಾಂಕ ಟ್ಯಾಲಿಯಲ್ಲಿದೆ, ವ್ಯಾಖ್ಯೆಯ ಜಗಳ ಇಲ್ಲ. ಇದೊಂದನ್ನು ನಾಳೆಯೇ ಮಾಡಿಸಿ, ನನ್ನ ವಿರೋಧ ಇಲ್ಲ.

ಉದ್ಯಮಬಾಗ_ಎರಕ:
ಮಾಲೀಕರ ಜೊತೆ ಕುಳಿತು ಮಾತನಾಡಿದೆ. ಈಗ ಎರಡೇ ಪುಟ: ಕೊಡಬೇಕಾದ ಬಾಕಿ, ಮತ್ತು ಹೀಟ್ ಸಂಖ್ಯೆಯ (ಕುಲುಮೆಯಲ್ಲಿ ಒಂದು ಸಲ ಕರಗಿಸಿದ ಲೋಹದ ಗುರುತು) ಮೇಲೆ ರಿಜೆಕ್ಷನ್. ಪ್ರತಿ ಎರಕದ ಮೇಲೆ ಹೀಟ್ ಗುರುತು ಅಚ್ಚಾಗಿರುವುದರಿಂದ ವಾಪಸ್ ಬಂದದ್ದನ್ನು ಹೊಯ್ದ ದಿನಕ್ಕೇ ಜೋಡಿಸಬಹುದು. ತೂಕವೇ ಅಳತೆ ಎಂದು ಎರಡೂ ವಿಭಾಗಗಳು ಸಹಿ ಹಾಕಲಿವೆ. ಪರದೆಯಲ್ಲಿ ದೋಷದ ಬಗೆ ಮಾತ್ರ ಇರುತ್ತದೆ, ಯಾರ ಹೆಸರೂ ಇರುವುದಿಲ್ಲ. ಸೂಪರ್‌ವೈಸರ್ ಅಣ್ಣ, ಪಾಳಿಯಲ್ಲಿ ಎಷ್ಟು ಖಾನೆ ತುಂಬಿಸಬಹುದು?

ಪಾಳಿ_ಸೂಪರ್‌ವೈಸರ್:
ಮೂರು. ಹೀಟ್ ಸಂಖ್ಯೆ, ದೋಷದ ಬಗೆ, ತೂಕ. ದೋಷದ ಪಟ್ಟಿಯನ್ನು ಫೆಟ್ಲಿಂಗ್ (ಎರಕದ ಮರಳು, ಅಂಚು ತೆಗೆದು ಸ್ವಚ್ಛಗೊಳಿಸುವ ಕೆಲಸ) ಮಾಡುವವರನ್ನು ಕೂರಿಸಿಕೊಂಡು ಮಾಡಿ, ಎರಕದ ಒಡಲನ್ನು ಮೊದಲು ನೋಡುವವರು ಅವರು. ಮರಳು ಪರೀಕ್ಷೆಯವರ ತೇವಾಂಶವನ್ನು ಅದೇ ಹೀಟ್‌ಗೆ ಅವರೇ ಬರೆಯಲಿ, ನಮ್ಮ ಮೇಲೆ ಹಾಕಬೇಡಿ.

ಕಬ್ಬು_ಮತ್ತು_ಕೋಡ್:
ಎರಡೇ ಪುಟ ಸಾಲದು ಎಂಬುದು ನನ್ನ ಅಭಿಪ್ರಾಯ. ಗ್ರಾಹಕರಿಂದ ಬರಬೇಕಾದ ಬಾಕಿಯನ್ನೂ ಸೇರಿಸಿ, ಅದೂ ಟ್ಯಾಲಿಯಲ್ಲೇ ಇದೆ.

ಟಿಳಕವಾಡಿ_ಡೇಟಾ:
ಸೇರಿಸಿದರೆ ಅದನ್ನು ನೋಡುವ ಹಕ್ಕು ಮಾಲೀಕರಿಗೆ ಮತ್ತು ಲೆಕ್ಕದವರಿಗೆ ಮಾತ್ರ ಇರಲಿ ಸರ್. ಮೊದಲ ದಿನವೇ ಹಾಗೆ ಕಟ್ಟಿಸಿ, ಎಲ್ಲರೂ ನೋಡಿಯಾದ ಮೇಲೆ ಬೀಗ ಹಾಕುವುದು ಕಷ್ಟ.