ಅಪ್‌ಡೇಟ್: ಅಕೌಂಟ್ಸ್‌ನಿಂದ ಮಾನವ ಹಕ್ಕುಗಳ ಕೆಲಸಕ್ಕೆ

ಎಲ್ಲರಿಗೂ ನಮಸ್ಕಾರ. ಲಾ ಡಿಗ್ರಿ ಇಲ್ಲದ, ಪರಿಚಯಸ್ಥರೂ ಇಲ್ಲದ ಅಕೌಂಟೆಂಟ್ ಮುಂಬೈನಲ್ಲಿ ಮಾನವ ಹಕ್ಕುಗಳ ಕ್ಷೇತ್ರಕ್ಕೆ ಹೋಗುವುದು ಹೇಗೆ ಅಂತ ಕೇಳಿದ್ದೆ. ವಸತಿ ಹಕ್ಕಿನ ಸಂಸ್ಥೆಯೊಂದರಲ್ಲಿ ವಾರಕ್ಕೆ ಎರಡು ದಿನದ ಕೆಲಸ ಸಿಕ್ಕಿದೆ.

ರೆಸ್ಯೂಮೆ ಎಲ್ಲ ಕಡೆ ಕಳಿಸಿ ಅನ್ನುವ ಸಲಹೆ ಫಲ ಕೊಡಲಿಲ್ಲ. ಮೊದಲು ಎಲ್‌ಎಲ್‌ಬಿ ಮಾಡಿ ಅಂದಿದ್ದರು; ಈ ಕೆಲಸಕ್ಕೆ ಅದು ಬೇಕಾಗಲಿಲ್ಲ. ಕೆಲಸ ಕೇಳಬೇಡಿ, ಮಾತಾಡಲು ಇಪ್ಪತ್ತು ನಿಮಿಷ ಸಮಯ ಕೇಳಿ ಅಂದವರಿಗೆ ದೊಡ್ಡ ಧನ್ಯವಾದ. ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ಪರಿಚಯವಾದ ವಕೀಲರೊಬ್ಬರಿಂದ ಶುರುಮಾಡಿದೆ. ಕೇಳಬೇಕಾದ್ದು ಎರಡೇ: ನಿಮ್ಮ ಕಚೇರಿಯಲ್ಲಿ ಯಾವ ಕೆಲಸಕ್ಕೆ ಜನ ಸಿಗುತ್ತಿಲ್ಲ? ಇನ್ನು ಯಾರನ್ನು ಮಾತಾಡಿಸಲಿ? ಎರಡನೆಯದೇ ಮುಂದಿನ ಬಾಗಿಲು ತೆರೆಯುತ್ತದೆ. ಅದೇ ದಿನ ಧನ್ಯವಾದದ ಮೆಸೇಜ್ ಕಳಿಸಿ; ಅವರು ಹೇಳಿದವರನ್ನು ಭೇಟಿಯಾದ ಮೇಲೆ ಅದನ್ನೂ ತಿಳಿಸಿ.

ಗೊತ್ತೇ ಇರದಿದ್ದ ವಿಷಯ: ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಬಲ್ಲ ಅಕೌಂಟೆಂಟ್‌ಗಳು ಈ ಕ್ಷೇತ್ರದಲ್ಲಿ ತುಂಬಾ ಬೇಕಾಗಿದ್ದಾರೆ. 2020ರ ತಿದ್ದುಪಡಿಯಿಂದ ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿದಿದೆ, ಆ ಹಣವನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಯಾರ ಸಂಬಳ ಆಡಳಿತಕ್ಕೆ, ಯಾರದ್ದು ಯೋಜನೆಗೆ ಅನ್ನುವ ಲೆಕ್ಕ ತಪ್ಪಿದರೆ ಸಂಸ್ಥೆಯ ಎಫ್‌ಸಿಆರ್‌ಎ ನೋಂದಣಿಗೇ ಕುತ್ತು. ನೋಂದಣಿ ಹೋದರೆ ತೊಂದರೆ ತಟ್ಟುವುದು ಆ ಸಂಸ್ಥೆಯನ್ನು ನಂಬಿದ ಕುಟುಂಬಗಳಿಗೆ. ಹಾಗಾಗಿ ರೆಸ್ಯೂಮೆಯ ಮೊದಲ ಸಾಲಿನಲ್ಲಿ ಸಮಾಜಸೇವೆಯ ಆಸಕ್ತಿಗಿಂತ ಈ ಜ್ಞಾನ ಇರಲಿ.

ಆದರೆ ಡಿಸೆಂಬರ್‌ನಲ್ಲಿ ಭೇಟಿ ಕೇಳಬೇಡಿ. 31ರೊಳಗೆ ಎಫ್‌ಸಿ-4 (ವಿದೇಶಿ ದೇಣಿಗೆಯ ವಾರ್ಷಿಕ ಲೆಕ್ಕದ ಫಾರ್ಮ್) ಸಲ್ಲಿಸುವ ಒತ್ತಡ ಇರುತ್ತದೆ.